ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರೇ, ಹೊಟ್ಟೆ ಕಡೆ ಸ್ವಲ್ಪ ಗಮನ ಕೊಡಿ

ಬೆಂಗಳೂರಿನಿಂದ ನಂದಿಗೆ ಹೋಗಿ ಬರೋದು ಅಂದ್ರೆ ನೂರು ಕಿಲೋಮೀಟರಿಗೂ ಜಾಸ್ತಿ. ಒಂದು ಲೋಟ ಫಿಲ್ಟರ್ ಕಾಫಿ ಕುಡಿದು ಹೊರಟರೆ ಬೆಟ್ಟದ ತಿರುವುಗಳಲ್ಲಿ ಕಾಲು ಸೋತು ಹೋಗುತ್ತದೆ, ಆಮೇಲೆ ಗೇರ್ ಬೈದು ಏನು ಪ್ರಯೋಜನ?

ಹೊರಡುವ ಮುಂಚೆ ಎರಡು ಇಡ್ಲಿ ಅಥವಾ ಒಂದು ಬಟ್ಟಲು ಸಿಹಿ ಅವಲಕ್ಕಿ ಸಾಕು. ಪೂರಿ, ವಡೆ ಬೇಡ, ಎಣ್ಣೆ ಪದಾರ್ಥ ಬೇಗ ಕರಗೋದಿಲ್ಲ, ಏರಿನಲ್ಲಿ ಹುಳಿತೇಗು ಶುರುವಾಗುತ್ತದೆ.

ದಾರಿಯಲ್ಲಿ ಗಂಟೆಗೆ ಸುಮಾರು 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಅದಕ್ಕೆ ದುಬಾರಿ ಎನರ್ಜಿ ಜೆಲ್ಲೇ (ಪೊಟ್ಟಣದಿಂದ ಹೀರುವ ಸಿಹಿ ಪಾಕ) ಆಗಬೇಕು ಅಂತೇನಿಲ್ಲ. ಏಲಕ್ಕಿ ಬಾಳೆಹಣ್ಣು ಜರ್ಸಿಯ ಹಿಂದಿನ ಜೇಬಿಗೆ ಹೇಳಿ ಮಾಡಿಸಿದ ಅಳತೆ (ತುಂಬಾ ಕಳಿತದ್ದು ಬೇಡ, ಬೆನ್ನಿಗೆಲ್ಲ ಮೆತ್ತಿಕೊಳ್ಳುತ್ತದೆ). ನನ್ನ ಮೆಚ್ಚಿನದು ಮಾತ್ರ ಬೇಳೆ ಹೋಳಿಗೆ. ತುಪ್ಪ ಸವರದೆ ಮಡಚಿ, ಬಟರ್ ಪೇಪರಿನಲ್ಲಿ ಸುತ್ತಿ, ತುದಿ ಸ್ವಲ್ಪ ಹರಿದು ಇಟ್ಟುಕೊಂಡರೆ ಒಂದೇ ಕೈಯಲ್ಲಿ ತಿನ್ನಬಹುದು. ಬೆಲ್ಲ, ಬೇಳೆ, ಹಿಟ್ಟು ಎಲ್ಲ ಅದರಲ್ಲೇ ಇದೆ ಅಲ್ವಾ? ಚಿಕ್ಕಿ ಕೂಡ ಒಳ್ಳೇದೇ, ಆದರೆ ಏದುಸಿರು ಬಿಡುವಾಗ ಅಗಿಯೋದು ಕಷ್ಟ. ಒಂದು ಬಾಟಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು.

ಮಸಾಲೆ ದೋಸೆ ಆಸೆ ಇದ್ದರೆ ಬೆಟ್ಟ ಇಳಿದ ಮೇಲೆ ತಿನ್ನಿ, ಆಗ ಅದರ ರುಚಿಯೇ ಬೇರೆ. ಮನೆ ಸೇರಿದ ಮೇಲೆ ಮೊಸರನ್ನ, ಜೊತೆಗೆ ಮಾವಿನ ಉಪ್ಪಿನಕಾಯಿ. ಬೆವರಿನಲ್ಲಿ ಹೋದ ಉಪ್ಪೂ ವಾಪಸ್ ಬರುತ್ತದೆ, ನಿದ್ದೆಯೂ ಬರುತ್ತದೆ. ಮೈಸೂರು ರಸ್ತೆ ಕಡೆ ಹೋಗುವವರಿಗೆ ಬಿಡದಿ ತಟ್ಟೆ ಇಡ್ಲಿ ಇದ್ದೇ ಇದೆ, ಬೆಣ್ಣೆ ಮಾತ್ರ ಕಮ್ಮಿ ಹಾಕಿಸಿಕೊಳ್ಳಿ.