ಹದಿನಾಲ್ಕು ವರ್ಷ ಹಳೆಯ ಕಂಪ್ಯೂಟರಿಗೆ ಡೆಬಿಯನ್ ಸರ್ವರ್: ನನ್ನ ಅನುಭವ

ಶಿವಮೊಗ್ಗದ ನನ್ನ ಡಿಟಿಪಿ ಕೇಂದ್ರದಲ್ಲಿ ಮೂರು ಕಂಪ್ಯೂಟರುಗಳಿವೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ ಎಂದು ವರ್ಷಗಳಿಂದ ಕೂಡಿಬಂದ ಕಡತಗಳೆಲ್ಲ ಈ ಮೂರರಲ್ಲಿ ಹಂಚಿಹೋಗಿದ್ದವು. ಪೆನ್‌ಡ್ರೈವಿನಲ್ಲಿ ಅವನ್ನು ಅಲ್ಲಿಂದಿಲ್ಲಿಗೆ ಸಾಗಿಸುತ್ತ, ತಿದ್ದಿದ ಪ್ರತಿ ಯಾವುದೆಂದು ತಿಳಿಯದೆ ಒಮ್ಮೆ ಹಳೆಯ ಕರಡೇ ಅಚ್ಚಿಗೆ ಹೋದ ಮೇಲೆ, ಎಲ್ಲ ಕಡತಗಳೂ ಒಂದೇ ಕಡೆ ಇರಬೇಕೆಂದು ನಿರ್ಧರಿಸಿದೆ. ಅದಕ್ಕಾಗಿ ಹೊಸ ಯಂತ್ರ ಕೊಳ್ಳದೆ, 2009ರಲ್ಲಿ ತಂದು ಈಚೆಗೆ ಮೂಲೆ ಸೇರಿದ್ದ ಕೋರ್ 2 ಡ್ಯುಯೊ ಇ7500 ಪ್ರೊಸೆಸರಿನ, 2 ಜಿಬಿ ರಾಮ್ ಇದ್ದ ಡೆಸ್ಕ್‌ಟಾಪನ್ನೇ 2023ರ ಮಳೆಗಾಲದಲ್ಲಿ ಸರ್ವರ್, ಅಂದರೆ ಕಡತಗಳನ್ನು ಇಟ್ಟುಕೊಂಡು ಉಳಿದ ಕಂಪ್ಯೂಟರುಗಳಿಗೆ ಒದಗಿಸುವ ಯಂತ್ರ, ಮಾಡಿದೆ.

ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಡೆಬಿಯನ್, ಉಬುಂಟು ಮುಂತಾದ ಯಾವ ಬಗೆಯನ್ನು ಹಾಕಬೇಕು ಎಂದು ಯೋಚಿಸುವ ಮೊದಲು ಯಂತ್ರದ ಆರೋಗ್ಯ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪೆಟ್ಟಿಗೆ ಬಿಚ್ಚಿ ಬ್ಲೋವರಿನಿಂದ ಧೂಳು ತೆಗೆದು, ಪ್ರೊಸೆಸರಿನ ಮೇಲೆ ಸುಣ್ಣದ ಹಾಗೆ ಒಣಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದೆ. ಬಳಿಕ ರಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದಾಗ ಹತ್ತೇ ನಿಮಿಷದಲ್ಲಿ ತೆರೆಯ ಮೇಲೆ ದೋಷ ತೋರಿಸುವ ಕೆಂಪು ಸಾಲುಗಳು ಬರತೊಡಗಿದವು. ಎರಡೂ ರಾಮ್ ಪಟ್ಟಿಗಳನ್ನು ಹೊರತೆಗೆದು, ಅವುಗಳ ಅಂಚಿನ ಚಿನ್ನದ ಬಣ್ಣದ ಸಂಪರ್ಕಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯೆಲ್ಲವನ್ನೂ ಕೊಡವಿ, ಮತ್ತೆ ಕೂರಿಸಿ ರಾತ್ರಿಯಿಡೀ ಪರೀಕ್ಷೆ ನಡೆಸಿದೆ. ಬೆಳಿಗ್ಗೆ ನೋಡಿದರೆ ಒಂದು ದೋಷವೂ ಇರಲಿಲ್ಲ. ಹಾರ್ಡ್ ಡಿಸ್ಕಿಗೆ ಮಾತ್ರ ಅಂಥ ಉಪಾಯವಿರಲಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಚಿಕ್ಕ ಭಾಗಗಳ) ಸಂಖ್ಯೆ ಏರುತ್ತಿತ್ತು. ಆ ಎಣಿಕೆ ಸೊನ್ನೆಗಿಂತ ಮೇಲೆ ಏರುತ್ತಲೇ ಇರುವ ಡಿಸ್ಕಿನಲ್ಲಿ ಗಿರಾಕಿಗಳ ಕೆಲಸ ಇಡಬಾರದು. ಆದ್ದರಿಂದ ಕಾರ್ಯಾಚರಣ ವ್ಯವಸ್ಥೆಗೆ 120 ಜಿಬಿಯ ಎಸ್‌ಎಸ್‌ಡಿಯನ್ನೂ ಕಡತಗಳಿಗೆ 1 ಟಿಬಿಯ ಹೊಸ ಹಾರ್ಡ್ ಡಿಸ್ಕನ್ನೂ ತಂದೆ. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಇದೊಂದೇ.

ವ್ಯವಸ್ಥೆಯ ಆಯ್ಕೆಯಲ್ಲಿ ಬಹುಪಾಲನ್ನು ಪ್ರೊಸೆಸರೇ ತೀರ್ಮಾನಿಸಿತು. ಅನುಸ್ಥಾಪಿಸದೆಯೇ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ಎಲ್‌ಎಸ್‌ಸಿಪಿಯು ಎಂಬ, ಪ್ರೊಸೆಸರಿನ ವಿವರ ತೋರಿಸುವ ಆದೇಶ ಕೊಟ್ಟು ನೋಡಿದೆ. ಪ್ರೊಸೆಸರ್ 64 ಬಿಟ್‌ನದು, ಎಸ್‌ಎಸ್‌ಇ 4.1 ಎಂಬ ಗುಂಪಿನ ಸೂಚನೆಗಳೂ (ಪ್ರೊಸೆಸರ್ ನೇರವಾಗಿ ಅರಿಯುವ ಆದೇಶಗಳು) ಇವೆ, ಆದರೆ ಎಸ್‌ಎಸ್‌ಇ 4.2 ಇಲ್ಲ. ಹಳೆಯ ಯಂತ್ರ ಇರುವವರು ಇದನ್ನು ನೋಡದೆ ಮುಂದುವರಿಯಬಾರದು, ಏಕೆಂದರೆ ರೆಡ್ ಹ್ಯಾಟ್ ಬಳಗದ ಲಿನಕ್ಸ್ ವ್ಯವಸ್ಥೆಗಳು 9ನೇ ಆವೃತ್ತಿಯಿಂದ ಎಕ್ಸ್86-64-ವಿ2 ಎಂಬ ಪ್ರೊಸೆಸರ್ ಸಾಮರ್ಥ್ಯದ ಮಟ್ಟವನ್ನು ಕನಿಷ್ಠ ಅಗತ್ಯವೆಂದು ಇಟ್ಟುಕೊಂಡಿವೆ, ಮತ್ತು ಆ ಮಟ್ಟಕ್ಕೆ ಎಸ್‌ಎಸ್‌ಇ 4.2 ಇರಲೇಬೇಕು. ಕೋರ್ 2 ಡ್ಯುಯೊ ಕಾಲದ ಪ್ರೊಸೆಸರಿನ ಮೇಲೆ ಅವು ಆರಂಭದಲ್ಲೇ ನಿಂತುಬಿಡುತ್ತವೆ. ಉಬುಂಟು ಸರ್ವರಿಗೆ ಈ ತೊಡಕಿರಲಿಲ್ಲ. ಆದರೆ ತಂತ್ರಾಂಶಗಳನ್ನು ತರಿಸುವ ಸ್ನ್ಯಾಪ್ ಸೇವೆಯೂ ಸೇರಿ ಅದು ಜೊತೆಗೆ ತರುವ ಸಾಮಾನು 2 ಜಿಬಿ ರಾಮಿಗೆ ಹೆಚ್ಚೆನಿಸಿತು. ಆಲ್ಪೈನ್ ಎಂಬ ಲಿನಕ್ಸ್ ಅತ್ಯಂತ ಹಗುರ. ಆದರೆ ಅಂಗಡಿಯಲ್ಲಿ ನಾನಿಲ್ಲದ ದಿನ ಬೇರೊಬ್ಬರು ಕೈಹಾಕಬೇಕಾಗಿ ಬಂದರೆ ಅವರಿಗೆ ಗೊತ್ತಿರುವ ವ್ಯವಸ್ಥೆಯೇ ಇರಬೇಕಿತ್ತು. 2023ರ ಜೂನ್ 10ರಂದು ಹೊರಬಂದಿದ್ದ ಡೆಬಿಯನ್ 12 ಈ ಎಲ್ಲ ಲೆಕ್ಕಕ್ಕೂ ಹೊಂದಿತು. ದೀರ್ಘಾವಧಿ ಬೆಂಬಲವೂ ಸೇರಿ ಐದು ವರ್ಷ ಭದ್ರತಾ ಪರಿಷ್ಕರಣೆಗಳು ಸಿಗುತ್ತವೆ. ನೆಟ್‌ವರ್ಕ್ ಕಾರ್ಡಿಗೆ ಬೇಕಾಗುವ ಫರ್ಮ್‌ವೇರ್ (ಅದನ್ನು ನಡೆಸುವ ಒಳ ತಂತ್ರಾಂಶ) ಕೂಡ ಈ ಆವೃತ್ತಿಯಿಂದ ಅಧಿಕೃತ ಪ್ರತಿಯಲ್ಲೇ ಇರುತ್ತದೆ.

ಅನುಸ್ಥಾಪನೆಗೆ ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಚಿತ್ರರೂಪದ ಅನುಸ್ಥಾಪಕದ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿರುವುದನ್ನು ಕಂಡು ನಿಜಕ್ಕೂ ಸಂತೋಷವಾಯಿತು. ಹಾಗಿದ್ದರೂ ಮುಂದೆ ದೋಷ ಸಂದೇಶಗಳಿಗೆ ಪರಿಹಾರ ಹುಡುಕಲು ಸುಲಭವಾಗಲೆಂದು ಸರ್ವರಿನ ಭಾಷೆಯನ್ನು ಇಂಗ್ಲಿಷಿನಲ್ಲೇ ಇಟ್ಟೆ. ಪೂರ್ಣ ಅಧಿಕಾರವಿರುವ ರೂಟ್ ಖಾತೆಯ ಪಾಸ್‌ವರ್ಡನ್ನು ಖಾಲಿ ಬಿಟ್ಟೆ. ಹಾಗೆ ಬಿಟ್ಟರೆ ರೂಟ್ ಖಾತೆ ಮುಚ್ಚಿಕೊಂಡು, ಮೊದಲ ಬಳಕೆದಾರನಿಗೆ ಸುಡೊ ಆದೇಶದ ಮೂಲಕ ಅದೇ ಅಧಿಕಾರ ಸಿಗುತ್ತದೆ. ಕೊನೆಯಲ್ಲಿ ಬರುವ ತಂತ್ರಾಂಶಗಳ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಪರಿಸರದ ಗುರುತನ್ನು ತೆಗೆದು, ಬೇರೆ ಕಂಪ್ಯೂಟರಿನಿಂದ ಪ್ರವೇಶಿಸಲು ಬೇಕಾದ ಎಸ್‌ಎಸ್‌ಎಚ್ ಸರ್ವರ್ ಮತ್ತು ಸಾಮಾನ್ಯ ಉಪಕರಣಗಳನ್ನಷ್ಟೇ ಆರಿಸಿಕೊಂಡೆ. ಮರುಪ್ರಾರಂಭಿಸಿ ನೋಡಿದಾಗ ಬಳಕೆಯಾಗುತ್ತಿದ್ದ ರಾಮ್ 100 ಎಂಬಿಯ ಆಸುಪಾಸಿನಲ್ಲಿತ್ತು.

ಕಡತ ಹಂಚಿಕೆಗೆ, ಸರ್ವರಿನ ಫೋಲ್ಡರುಗಳನ್ನು ವಿಂಡೋಸ್ ಯಂತ್ರಗಳಿಗೆ ತೋರಿಸುವ ಸಾಂಬಾ ತಂತ್ರಾಂಶ ಹಾಕಿದೆ. ನೆಟ್‌ವರ್ಕಿನ ಫೋಲ್ಡರಿನಲ್ಲಿ ಅಳಿಸಿದ ಕಡತ ವಿಂಡೋಸಿನ ರಿಸೈಕಲ್ ಬಿನ್ನಿಗೆ ಹೋಗುವುದಿಲ್ಲ, ನೇರವಾಗಿ ಕಳೆದೇಹೋಗುತ್ತದೆ. ಅದಕ್ಕೆಂದೇ ಸಾಂಬಾದ ರಿಸೈಕಲ್ ಮಾಡ್ಯೂಲನ್ನು ಮೊದಲ ದಿನವೇ ಚಾಲೂ ಮಾಡಿದ್ದೆ, ಮತ್ತು ಅದು ಈವರೆಗೆ ಎರಡು ಲಗ್ನಪತ್ರಿಕೆಗಳನ್ನು ಉಳಿಸಿಕೊಟ್ಟಿದೆ. ಪ್ರತಿ ಶನಿವಾರ ಕಡತಗಳನ್ನು ನಕಲಿಸುವ ಆರ್‌ಸಿಂಕ್ ಮೂಲಕ ಹೊರಗಿನ ಡಿಸ್ಕಿಗೆ ಒಂದು ಪ್ರತಿ ತೆಗೆದು ಮನೆಗೆ ಒಯ್ಯುತ್ತೇನೆ.

ಹಳೆಯ ಕಡತಗಳನ್ನು ಸಾಗಿಸುವಾಗ ಕೆಲವು ಮಾತ್ರ ಹಟ ಹಿಡಿದಂತೆ ಹೊರಗೇ ಉಳಿದವು. ಅವುಗಳ ಹೆಸರುಗಳೆಲ್ಲ ಕನ್ನಡದಲ್ಲಿ ಉದ್ದವಾಗಿದ್ದವು: ವಧೂವರರ ಹೆಸರು, ಊರು, ಛತ್ರ, ತಾರೀಖು ಎಲ್ಲವೂ ಒಟ್ಟಿಗೆ. ವಿಂಡೋಸಿನ ಎನ್‌ಟಿಎಫ್‌ಎಸ್ ಕಡತವ್ಯವಸ್ಥೆ ಹೆಸರಿಗೆ 255 ಸಂಕೇತಗಳನ್ನು (ಅಕ್ಷರದ ಬಿಡಿ ಭಾಗಗಳನ್ನು) ಒಪ್ಪುತ್ತದೆ. ಲಿನಕ್ಸಿನ ಎಕ್ಸ್‌ಟಿ4 ಒಪ್ಪುವುದು 255 ಬೈಟುಗಳನ್ನು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕಾಗುವುದರಿಂದ ನಮ್ಮ ಪಾಲಿಗೆ ಸಿಗುವುದು ಹೆಚ್ಚೆಂದರೆ 85 ಸಂಕೇತಗಳು. ಒತ್ತಕ್ಷರ, ಗುಣಿತಗಳೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 'ಸ್ತ್ರೀ' ಎಂಬ ಒಂದು ಅಕ್ಷರವೇ ಆರು ಸಂಕೇತ, ಅಂದರೆ 18 ಬೈಟು. ಕನ್ನಡದಲ್ಲಿ ಕಡತದ ಹೆಸರಿಡುವವರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಕನ್ನಡವನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಊರನ್ನೂ ವರ್ಷವನ್ನೂ ಫೋಲ್ಡರುಗಳಾಗಿ ಮಾಡಿ ಹೆಸರುಗಳನ್ನು ಚಿಕ್ಕದಾಗಿಸಿದೆ.

ಮೀಟರಿನಲ್ಲಿ ಅಳೆದಾಗ ಸುಮ್ಮನಿದ್ದಾಗಲೂ ಈ ಯಂತ್ರ 55 ವಾಟ್ ಎಳೆಯುತ್ತಿತ್ತು. ದಿನವಿಡೀ ಓಡಿದರೆ ತಿಂಗಳಿಗೆ ಹತ್ತಿರಹತ್ತಿರ 40 ಯೂನಿಟ್. ಆದ್ದರಿಂದ ರಾತ್ರಿ ಒಂಬತ್ತಕ್ಕೆ ತಾನೇ ಆರುವಂತೆ ಹೊತ್ತಿಗೆ ಸರಿಯಾಗಿ ಆದೇಶ ನಡೆಸುವ ಕ್ರಾನಿನಲ್ಲಿ ಬರೆದು, ಬೆಳಿಗ್ಗೆ ಎಂಟೂವರೆಗೆ ತಾನೇ ಏಳುವಂತೆ ಬಯಾಸಿನಲ್ಲಿ (ಯಂತ್ರ ಏಳುವಾಗ ಮೊದಲು ಓಡುವ, ಮದರ್‌ಬೋರ್ಡಿನ ತಂತ್ರಾಂಶ) ಅಲಾರಂ ಇಟ್ಟೆ. ಎರಡು ವಾರ ಎಲ್ಲವೂ ಸರಿಯಾಗಿತ್ತು. ಆಮೇಲೆ ಒಂದು ರಾತ್ರಿ ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಖಾಲಿಯಾಗಿ, ಮರುದಿನ ಅಂಗಡಿಯ ಹುಡುಗಿಯ ಫೋನ್ ಬಂತು: "ಸರ್, ಸರ್ವರ್ ಎದ್ದೇ ಇಲ್ಲ. ಬಟನ್ ಒತ್ತಿದ್ರೆ ಫ್ಯಾನ್ ತಿರುಗ್ತದೆ, ಆದ್ರೆ ಫೋಲ್ಡರ್ ಕಾಣ್ತಾ ಇಲ್ಲ."

ಹೋಗಿ ಮಾನಿಟರ್ ಜೋಡಿಸಿ ನೋಡಿದರೆ, ಕೀಬೋರ್ಡ್ ಸಿಗಲಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂಬ ಸಾಲು ತೆರೆಯ ಮೇಲೆ ನಿಂತಿತ್ತು. ಕೀಬೋರ್ಡ್ ಇಲ್ಲದೆ ಓಡಬೇಕಾದ ಸರ್ವರಿಗೆ ಇದು ದೊಡ್ಡ ಅಡ್ಡಿ. ಕೀಬೋರ್ಡ್ ಸಿಕ್ಕಿಸಿ ಎಫ್1 ಒತ್ತಿದೆ. ಒಳಗೆ ಹೋದರೆ ದಿನಾಂಕ 2009ರ ಜನವರಿ 1ಕ್ಕೆ ಮರಳಿತ್ತು. ಇಂಟರ್ನೆಟ್ಟಿನಿಂದ ಸಮಯ ಹೊಂದಿಸಿಕೊಳ್ಳುವ ಮೊದಲೇ ನಾನು ತಂತ್ರಾಂಶಗಳನ್ನು ಪರಿಷ್ಕರಿಸುವ ಆಪ್ಟ್ ಆದೇಶ ಕೊಟ್ಟಿದ್ದರಿಂದ, ಸಂಗ್ರಹದ ಕಡತ ಇನ್ನೂ ಜಾರಿಗೆ ಬಂದಿಲ್ಲ ಎಂದು ಹೇಳಿ ಅದು ಪರಿಷ್ಕರಣೆಯನ್ನೂ ನಿರಾಕರಿಸಿತು. ಎಲ್ಲಕ್ಕೂ ಕಾರಣ ಮದರ್‌ಬೋರ್ಡಿನ ಮೇಲಿನ ಸಿಆರ್2032 ಬಿಲ್ಲೆ ಬ್ಯಾಟರಿ. ಅದು ಸತ್ತಿದ್ದರಿಂದ ಗೋಡೆಯ ಕರೆಂಟ್ ಹೋದೊಡನೆ ಬಯಾಸ್ ನನ್ನ ಹೊಂದಿಕೆಗಳನ್ನೆಲ್ಲ ಮರೆತಿತ್ತು. ಹೊಸ ಬ್ಯಾಟರಿ ಹಾಕಿ, ಕೀಬೋರ್ಡ್ ಇಲ್ಲದಿದ್ದರೂ ನಿಲ್ಲಬಾರದು, ಕರೆಂಟ್ ಬಂದೊಡನೆ ಏಳಬೇಕು, ಎಂಟೂವರೆಯ ಅಲಾರಂ ಇರಬೇಕು ಎಂಬ ಮೂರನ್ನೂ ಮತ್ತೆ ಹೊಂದಿಸಿ, ಪ್ಲಗ್ಗನ್ನೇ ಕಿತ್ತು ಮೂರು ಸಲ ಪರೀಕ್ಷಿಸಿದೆ. ಈ ಬ್ಯಾಟರಿಯನ್ನು ಧೂಳು ತೆಗೆದ ದಿನವೇ ಬದಲಿಸಬೇಕಿತ್ತು.

2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂದಾಗ ಕೆಲವು ವಾರ ಕಾದು, ಕಡತಗಳ ಪ್ರತಿ ತೆಗೆದಿಟ್ಟು ಮೇಲ್ದರ್ಜೆಗೇರಿಸಿದೆ. ಈ ಆವೃತ್ತಿಯಲ್ಲಿ 32 ಬಿಟ್ ಯಂತ್ರಗಳಿಗೆ ಅನುಸ್ಥಾಪಕವೂ ಇಲ್ಲ, ವ್ಯವಸ್ಥೆಯ ತಿರುಳಾದ ಕರ್ನಲ್ಲೂ ಇಲ್ಲ. ನನ್ನ ಪ್ರೊಸೆಸರ್ 64 ಬಿಟ್ ಆಗಿದ್ದರಿಂದ ತೊಂದರೆಯಾಗಲಿಲ್ಲ. ಆದರೆ ತಾತ್ಕಾಲಿಕ ಕಡತಗಳ ಟಿಎಂಪಿ ಕೋಶ ಈಗ ಡಿಸ್ಕಿನ ಬದಲು ರಾಮಿನಲ್ಲೇ ಇರುತ್ತದೆ, ಮತ್ತು ಅರ್ಧ ರಾಮಿನವರೆಗೂ ಬೆಳೆಯಬಲ್ಲದು. 2 ಜಿಬಿಯ ಯಂತ್ರದಲ್ಲಿ 1 ಜಿಬಿಯನ್ನು ಹಾಗೆ ಬಿಟ್ಟುಕೊಡಲು ಸಾಧ್ಯವಿರಲಿಲ್ಲ. ಸೇವೆಗಳನ್ನು ನಿರ್ವಹಿಸುವ ಸಿಸ್ಟಂಡಿಯಲ್ಲಿ ಆ ಜೋಡಣೆ (ಮೌಂಟ್) ನಡೆಯದಂತೆ ಮಾಸ್ಕ್ ಮಾಡಿ ಕೋಶವನ್ನು ಮತ್ತೆ ಎಸ್‌ಎಸ್‌ಡಿಗೆ ತಂದೆ. ಆ ರಾತ್ರಿ ಒಂಬತ್ತಕ್ಕೆ ಯಂತ್ರ ಎಂದಿನಂತೆ ಆರಿತು. ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಎದ್ದು ಕೂತಿತ್ತು.