ಈಸಲು ಹುಳ, ಕಡ್ಲೆಪುರಿ, ಒಂದು ಲೋಟ ಮಜ್ಜಿಗೆ

ಡೆಂಕಣಿಕೋಟೆ ಹತ್ತಿರದ ನಮ್ಮ ತೋಟಕ್ಕೆ ಶನಿವಾರ, ಭಾನುವಾರ ಊಟಕ್ಕೆ ಜನ ಬರುತ್ತಾರೆ. ಹೊಸೂರು, ಬೆಂಗಳೂರಿನವರೇ ಜಾಸ್ತಿ. ಮುದ್ದೆ, ಬಸ್ಸಾರು ಉಂಡು ಹೋಗುವವರು ಅವರು. "ಅಕ್ಕಾ, ಹುಳ ಕೊಡ್ತೀರಂತೆ?" ಎಂದು ಹುಡುಕಿಕೊಂಡು ಬರುವವರೂ ಕೆಲವರಿದ್ದಾರೆ.

ನಾನು ಕೊಡುವುದು ಈಸಲು ಹುಳ ಒಂದೇ. ರೆಕ್ಕೆ ಬಂದ ಗೆದ್ದಲು. ಒಳ್ಳೆ ಮಳೆ ಬಿದ್ದ ಮೇಲೆ ಹೊಸ ಗೂಡು ಕಟ್ಟಲು ಹುತ್ತದಿಂದ ಏಳುತ್ತವೆ. ಆ ಹಾರಾಟಕ್ಕೆ, ಮುಂದಿನ ಸಂಸಾರಕ್ಕೆ ಅಂತ ಮೈತುಂಬ ಕೊಬ್ಬು ತುಂಬಿಕೊಂಡಿರುತ್ತವೆ. ರುಚಿ ಇರುವುದು ಅದರಲ್ಲೇ.

ಹಿಡಿಯುವುದು ಸುಲಭ. ಮನೆ ದೀಪಗಳನ್ನೆಲ್ಲ ಆರಿಸಿ, ಅಂಗಳದಲ್ಲಿ ಒಂದೇ ಬಲ್ಬ್ ಉರಿಸುತ್ತೇನೆ. ಕೆಳಗೆ ಅಗಲ ಬೇಸಿನ್‌ನಲ್ಲಿ ನೀರು. ಬೆಳಕಿಗೆ ಬಂದವು ನೀರಿಗೆ ಬೀಳುತ್ತವೆ. ಔಷಧಿ ಹೊಡೆದ ಹೊಲದ ಕಡೆ ಮಾತ್ರ ಬೇಸಿನ್ ಇಡುವುದಿಲ್ಲ.

ನೀರು ಬಸಿದು, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಎಣ್ಣೆ ಬೇಡ, ಅದರ ಜಿಡ್ಡೇ ಬಿಡುತ್ತದೆ. ಅವಸರ ಮಾಡಿದರೆ ಹೊರಗೆ ಸೀದು ಒಳಗೆ ಮೆತ್ತಗಿರುತ್ತದೆ. ಗರಿಗರಿ ಆದ ಮೇಲೆ ಆರಲು ಬಿಟ್ಟು, ಅಂಗೈಯಲ್ಲಿ ಹಗುರವಾಗಿ ಉಜ್ಜಿ ಮೊರದಲ್ಲಿ ಕೇರುತ್ತೇನೆ. ಒಂದು ರೆಕ್ಕೆ ಉಳಿದರೂ ಗಂಟಲಿಗೆ ಅಂಟುತ್ತದೆ, ಹಾಗಾಗಿ ಈ ಕೆಲಸ ಯಾರಿಗೂ ಬಿಡುವುದಿಲ್ಲ. ಆಮೇಲೆ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕರಿಬೇವು ಬಾಡಿಸಿ, ಉಪ್ಪು, ಹುರಿಗಡಲೆ, ಕಡ್ಲೆಪುರಿ ಸೇರಿಸಿ ಕಲಸಿದರೆ ಮುಗೀತು. ಹುರಿದ ಕಡ್ಲೆಕಾಯಿಗೆ ಬೆಣ್ಣೆ ಸವರಿದ ಹಾಗಿರುತ್ತದೆ.

ಬಡಿಸುವ ಮುಂಚೆ ಎಲ್ಲರಿಗೂ ಒಂದೇ ಪ್ರಶ್ನೆ: ಸೀಗಡಿ, ಏಡಿ ತಿಂದರೆ ಮೈ ಕೆರೆತ, ಉಬ್ಬಸ ಬರುತ್ತಾ? ಹೌದು ಎಂದವರಿಗೆ ಹುಳ ಇಲ್ಲ. ಎಷ್ಟು ಬೇಡಿದರೂ ಇಲ್ಲ. ಸೀಗಡಿ ಒಗ್ಗದವರಿಗೆ ಹುಳವೂ ಒಗ್ಗದಿರಬಹುದು.

"ಕಾಲು ಕಾಣ್ತಿದೆಯಲ್ಲಕ್ಕಾ" ಎಂದು ಒಬ್ಬಳು ಹುಡುಗಿ ಹಿಂಜರಿದಳು.

"ಸೀಗಡಿಗೆ ಕಾಲಿಲ್ವಾ ಮಗಳೇ?"

ಅವಳೇ ಆಮೇಲೆ ಬಟ್ಟಲು ಮುಂದೆ ಚಾಚಿದಳು. ಪುಡಿ ಮಾಡಿ ಬೋಂಡದಲ್ಲಿ ಬಚ್ಚಿಟ್ಟು ಕೊಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ತಿನ್ನುವವರಿಗೆ ತಾವೇನು ತಿನ್ನುತ್ತಿದ್ದೇವೆ ಎಂದು ಕಾಣಬೇಕು. ಪಂದ್ಯ ಕಟ್ಟಿಕೊಂಡು, ವಿಡಿಯೋ ಮಾಡಿಕೊಂಡು, ಒಂದು ಹುಳ ನುಂಗಿ ಕಿರುಚುವವರೂ ಬರುತ್ತಾರೆ. ಅವರಿಗೆ ಒಂದು ಚಮಚ ಕೊಟ್ಟು ಸುಮ್ನಾಗುತ್ತೇನೆ. ಮಾತಾಡುತ್ತಾ, ಪುರಿ ಜೊತೆ ಬಾಯಿಗೆ ಹಾಕಿಕೊಳ್ಳುತ್ತಾ ಕೂರುವವರಿಗೆ ಎರಡನೇ ಬಟ್ಟಲು, ಮಜ್ಜಿಗೆ.

ಒಡಿಶಾದ ಮಯೂರ್‌ಭಂಜ್‌ನ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್ (ಇದು ಆ ಊರಿನದೇ ಎಂಬ ಸರ್ಕಾರಿ ಗುರುತು) ಬಂದ ಮೇಲೆ ಅದನ್ನೂ ಕೇಳುತ್ತಾರೆ. ನಮ್ಮ ಮಾವಿನ ಮರದಲ್ಲೂ ಆ ಇರುವೆಯ ಗೂಡಿದೆ. ಆದರೆ ಆ ಚಟ್ನಿ ಮಾಡುವ ಕೈ ನನಗಿಲ್ಲ.

ಮುಂಗಡ ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಹುರಿದದ್ದನ್ನು ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬಿದರೂ ಬಹಳ ದಿನ ಇಟ್ಟರೆ ಜಿಡ್ಡು ಕಮಟುತ್ತದೆ. ಮಳೆ ಆದ ವಾರ ಫೋನ್ ಮಾಡಿ ಕೇಳಿ, ಇದ್ದರೆ ಇದೆ ಅಂತೀನಿ.