ವಿಸ್ಕಿ ಟೇಸ್ಟಿಂಗ್: ಮೂಗಿಗೆ ಮೊದಲ ಮಣೆ

ವಿಸ್ಕಿ ಟೇಸ್ಟಿಂಗ್ ಕುಡಿಯುವ ಪಾರ್ಟಿ ಅಲ್ಲ. ನಾಲ್ಕು ಬಗೆಯ ವಿಸ್ಕಿಯನ್ನು ನಿಧಾನವಾಗಿ ಮೂಸಿ, ಸವಿದು, ಅನಿಸಿದ್ದನ್ನು ಹೇಳಿಕೊಳ್ಳುವ ಎರಡು ಗಂಟೆ. ಕಾಸರಗೋಡಿನ ನಮ್ಮ ಮನೆಯಲ್ಲಿ ಗೆಳೆಯರು, ಆಫೀಸಿನವರು ಸೇರಿ ಎಂಟು ಮಂದಿ ಕೂರುತ್ತೇವೆ. ಅದಕ್ಕಿಂತ ಜಾಸ್ತಿ ಜನ ಬೇಡ, ಮಾತು ಎರಡು ಗುಂಪಾಗುತ್ತದೆ.

ಮೊದಲು ದಿನ ಗೊತ್ತು ಮಾಡಿ. ಕೇರಳದಲ್ಲಿ ತಿಂಗಳ 1ನೇ ತಾರೀಕು ಮದ್ಯದಂಗಡಿ ತೆರೆಯುವುದಿಲ್ಲ. 23 ವರ್ಷ ತುಂಬದವರನ್ನು ಕರೆಯಬೇಡಿ. ಮಂಗಳೂರಿಗೆ ಹೋದವರಿಂದ ತಲಪಾಡಿ ಗಡಿ ದಾಟಿಸಿ ಬಾಟಲಿ ತರಿಸುವುದೂ ಬೇಡ, ಪರ್ಮಿಟ್ ಇಲ್ಲದೆ ತಂದರೆ ಅಬಕಾರಿ ಕೇಸು ಬೀಳುತ್ತದೆ.

ಬಾಟಲಿಗಳನ್ನು ಹಗುರದಿಂದ ಗಾಢಕ್ಕೆ ಸಾಲಾಗಿ ಇಡಿ. ಮೊದಲು ಒಂದು ಬ್ಲೆಂಡೆಡ್ ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ಹಲವು ಡಿಸ್ಟಿಲರಿಗಳ ವಿಸ್ಕಿ ಬೆರೆಸಿದ್ದು. ಆಮೇಲೆ ಗ್ಲೆನ್‌ಲಿವೆಟ್‌ನಂಥ ಸಿಂಗಲ್ ಮಾಲ್ಟ್. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದರಿಂದಲೇ, ಒಂದೇ ಡಿಸ್ಟಿಲರಿಯಲ್ಲಿ ಮಾಡಿದ್ದು ಸಿಂಗಲ್ ಮಾಲ್ಟ್. ಮೂರನೆಯದಾಗಿ ಬೆಂಗಳೂರಿನ ಅಮೃತ್. 1948ರಲ್ಲಿ ಶುರುವಾದ ಈ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಸ್ಕಾಟ್ಲೆಂಡಿನ ಚಳಿಯಲ್ಲಿ, ಮಾಗಲು ಇಟ್ಟ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ವಿಸ್ಕಿ ಆವಿಯಾಗುತ್ತದೆ. ಬೆಂಗಳೂರಿನಲ್ಲಿ ಅದು ಶೇ 10 ದಾಟುತ್ತದೆ. ಆ ಸೆಕೆಗೇ ವಿಸ್ಕಿ ಬೇಗ ಮಾಗುತ್ತದೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರೋಯಿಗ್‌ನಂಥ ಹೊಗೆವಾಸನೆಯದ್ದು ಕೊನೆಗೇ ಇರಬೇಕು. ಅದನ್ನು ಮೊದಲೇ ಕುಡಿದರೆ ಉಳಿದ ಮೂರೂ ಸಪ್ಪೆ.

ಒಬ್ಬರಿಗೆ ಒಂದು ವಿಸ್ಕಿಯಲ್ಲಿ 15 ಮಿಲಿ ಸಾಕು. ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳವನ್ನು ಚೆನ್ನಾಗಿ ತೊಳೆದು ಬಳಸಿ. ನಾಲ್ಕೂ ಸೇರಿದರೆ 60 ಮಿಲಿ. ಹೊಟ್ಟೆ ದೊಡ್ಡದಿದ್ದು ಬಾಯಿ ಕಿರಿದಾದ ಗ್ಲಾಸು ಬೇಕು, ವಾಸನೆ ಅದರೊಳಗೆ ನಿಲ್ಲುತ್ತದೆ. ನಮ್ಮ ಸೆಕೆಗೆ ಆಲ್ಕೋಹಾಲ್ ಬೇಗ ಏಳುತ್ತದೆ, ಮೂಗಿಗೆ ಚುರ್ರೆನ್ನುತ್ತದೆ. ಹಾಗಾಗಿ ಸುರಿದ ಕೂಡಲೇ ಗ್ಲಾಸಿನ ಮೇಲೊಂದು ಪುಟ್ಟ ಸ್ಟೀಲ್ ತಟ್ಟೆ ಮುಚ್ಚಿ. ಐಸ್ ಹಾಕಬೇಡಿ, ತಣ್ಣಗಾದರೆ ವಾಸನೆ ಮುದುಡುತ್ತದೆ.

ಕೋಣೆಯ ಕಡೆ ತುಂಬಾ ಗಮನ ಬೇಕು. ನಮ್ಮ ಮೊದಲ ಸಲ ಅಡುಗೆಮನೆಯಲ್ಲಿ ಬಂಗುಡೆ ಹುರಿಯುತ್ತಿತ್ತು, ದೇವರ ಮುಂದೆ ಊದುಬತ್ತಿ ಉರಿಯುತ್ತಿತ್ತು. ಯಾರಿಗೂ ವಿಸ್ಕಿಯ ವಾಸನೆಯೇ ಹತ್ತಲಿಲ್ಲ. ಮಲ್ಲಿಗೆ, ಅತ್ತರು, ಸಿಗರೇಟು ಯಾವುದೂ ಬೇಡ. ಎಲೆಅಡಿಕೆ ಹಾಕುವವರು ಅರ್ಧ ಗಂಟೆ ಮೊದಲೇ ಬಾಯಿ ತೊಳೆದುಕೊಳ್ಳಲಿ.

ಈಗ ಮೂಸುವುದು. ಗ್ಲಾಸನ್ನು ಗದ್ದದ ಹತ್ತಿರ ಹಿಡಿದು, ಬಾಯಿ ತುಸು ತೆರೆದು, ಮೆಲ್ಲಗೆ ಉಸಿರೆಳೆಯಿರಿ. ಪುಟ್ಟ ಗುಟುಕನ್ನು ನಾಲಗೆಯ ಮೇಲೆಲ್ಲ ಹರಿಸಿ ನುಂಗಿ. ಆಮೇಲೆ ಎರಡು ಮೂರು ಹನಿ ನೀರು ಹಾಕಿ ಮತ್ತೆ ಮೂಸಿ. ಅಡಗಿದ್ದ ವಾಸನೆ ಹೊರಗೆ ಬರುತ್ತದೆ. ಬಾವಿನೀರಿಗೆ ಉಪ್ಪಿನ ಅಂಶ ಇದ್ದರೆ ಬಾಟಲಿ ನೀರೇ ಒಳ್ಳೆಯದು.

ಅನಿಸಿದ್ದನ್ನು ಎಲ್ಲರೂ ಮೊದಲು ಚೀಟಿಯಲ್ಲಿ ಬರೆಯಲಿ, ಆಮೇಲೆ ಓದಲಿ. ಇಲ್ಲದಿದ್ದರೆ ಆಫೀಸಿನ ಹಿರಿಯರು ಹೇಳಿದ್ದಕ್ಕೇ ಉಳಿದವರು ತಲೆಯಾಡಿಸುತ್ತಾರೆ. ಬಾಟಲಿಯ ಡಬ್ಬಿಯಲ್ಲಿ ಅಚ್ಚಾದ ವರ್ಣನೆಯನ್ನು ದಯವಿಟ್ಟು ಓದಬೇಡಿ. ನಾವು ತಿನ್ನದ ಹಣ್ಣುಗಳ ಹೆಸರು ಅಲ್ಲಿರುತ್ತವೆ. ನಮ್ಮ ಮೂಗಿಗೆ ನಮ್ಮ ಊರಿನ ನೆನಪುಗಳೇ ಬೇಕು, ಅಲ್ವಾ? ಒಂದು ಸಂಜೆ ಒಬ್ಬರ ಚೀಟಿಯಲ್ಲಿ ‘ಹಲಸು’ ಎಂದಿತ್ತು, ಇನ್ನೊಬ್ಬರದರಲ್ಲಿ ‘ಚಕ್ಕ’, ಮತ್ತೊಬ್ಬರದರಲ್ಲಿ ‘ಪೆಲಕಾಯಿ’. ಮೂರು ಭಾಷೆಯಲ್ಲಿ ಒಂದೇ ಹಣ್ಣು! ಇಂಥ ಹಣ್ಣಿನ ವಾಸನೆ ಹುದುಗು ಬರುವಾಗ ಹುಟ್ಟುವ ಎಸ್ಟರು ಎಂಬ ರಾಸಾಯನಿಕಗಳದ್ದು. ವೆನಿಲ್ಲಾ ವಾಸನೆ ಓಕ್ ಮರದ ಪೀಪಾಯಿಯಿಂದ ಬರುತ್ತದೆ. ತೋಟದಲ್ಲಿ ವೆನಿಲ್ಲಾ ಬೆಳೆಸಿದ್ದವರು ಅದನ್ನು ಥಟ್ಟನೆ ಹಿಡಿಯುತ್ತಾರೆ. ಕೊನೆಯ ವಿಸ್ಕಿಯ ಹೊಗೆ ಮಾತ್ರ ಪೀಟ್‌ನದ್ದು. ಜೌಗಿನಲ್ಲಿ ಗಿಡಗಳು ಸಾವಿರಾರು ವರ್ಷ ಅರೆಕೊಳೆತು ಆದ ಮಣ್ಣು ಅದು. ಅದನ್ನು ಉರಿಸಿ ಮಾಲ್ಟ್ ಒಣಗಿಸುತ್ತಾರೆ. ಮಳೆಗಾಲದಲ್ಲಿ ಅಟ್ಟದ ಮೇಲೆ ಹೊಗೆಗೆ ಒಣಗಿಸಿದ ಕೊಬ್ಬರಿ ಎಂದು ಒಬ್ಬರು ಬರೆದಿದ್ದರು. ನನಗೆ ಅದಕ್ಕಿಂತ ಸರಿಯಾದ ಮಾತು ಇನ್ನೂ ಸಿಕ್ಕಿಲ್ಲ.

ನಡುನಡುವೆ ಸಪ್ಪೆ ನೀರುದೋಸೆಯ ತುಂಡು, ಉಪ್ಪಿಲ್ಲದ ಗೇರುಬೀಜ ಕೊಡಿ. ಕೋಳಿ ಸುಕ್ಕ ಕೊನೆಯ ಗ್ಲಾಸು ಮುಗಿದ ಮೇಲೆ. ಉಗುಳಲು ಎಲ್ಲರ ಪಕ್ಕ ಒಂದೊಂದು ಲೋಟ ಇಡಿ. ಕುಡಿಯದವರು ಬಂದಿದ್ದರೆ ಒತ್ತಾಯ ಬೇಡ, ಸುಮ್ನೆ ಮೂಸಿ ಬರೆಯಲಿ. ಅಂಥವರ ಮೂಗು ಬಹಳ ಚುರುಕು. ಗ್ಲಾಸು ಮುಟ್ಟಿದವರು ಯಾರೂ ಗಾಡಿ ಓಡಿಸುವಂತಿಲ್ಲ, ಉಗುಳಿದವರೂ ಅಷ್ಟೇ. ಪರಿಚಯದ ಆಟೋದವರಿಗೆ ಸಂಜೆಯೇ ಹೇಳಿಡಿ.

ಎಂಟು ಮಂದಿಗೆ ಒಂದೊಂದು ಬಾಟಲಿಯಿಂದ ಹೋಗುವುದು 120 ಮಿಲಿ ಮಾತ್ರ. ಉಳಿದದ್ದನ್ನು ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಮದ್ಯ ತಾಗಿ ಬಿರಡೆ ಹಾಳಾಗುತ್ತದೆ. ಚೀಟಿಗಳನ್ನೂ ಅಲ್ಲೇ ಇಡಿ, ಮುಂದಿನ ಸಲ ಅದೇ ಬಾಟಲಿ ತೆರೆದಾಗ ಬೇಕಾಗುತ್ತವೆ.